ಪಾನ್ ಅಂಗಡಿಯ ಸುಣ್ಣ, ಭಂಗಾರದ ಅಯಸ್ಕಾಂತ: ಓದುಗರ ಪ್ರಶ್ನೆಗಳಿಗೆ ಮೇಷ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರೌಢಶಾಲೆಯ ವಿಜ್ಞಾನ ಪ್ರಯೋಗಗಳ ಕುರಿತಾದವು. ಮುಂಬಯಿ, ಪುಣೆ, ಗೋವಾಗಳಲ್ಲಿರುವ ನಮ್ಮ ಕನ್ನಡ ಶಿಕ್ಷಕರು ಮತ್ತು ಪಾಲಕರು ಬರೆದಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ. ಇಬ್ಬರು ತಮ್ಮ ಮುಖ್ಯೋಪಾಧ್ಯಾಯರ ಮೇಲೆ ದೂರು ಹೇಳಿಕೊಂಡಿರುವುದರಿಂದ ಇದು ಕ್ಷೇಮವೆಂದು ತೋರಿತು.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಶಾಲೆ. ಪ್ರಯೋಗಶಾಲೆ ಎಂದು ಫಲಕ ಹಾಕಿದ ಕೋಣೆಯಲ್ಲಿ ಒಂದು ಬೀರು ಇದೆ. ಅದರೊಳಗೆ ಹನ್ನೊಂದು ಪ್ರನಾಳಗಳು, ತುದಿ ಮುರಿದ ಒಂದು ಬ್ಯೂರೆಟ್, ಮುಳ್ಳು ಅಲುಗದ ಒಂದು ಗ್ಯಾಲ್ವನೋಮೀಟರ್ ಇವೆ. ಒಂಬತ್ತನೆಯ ತರಗತಿಯಲ್ಲಿ 36 ಮಕ್ಕಳಿದ್ದಾರೆ. ಪ್ರಯೋಗಕ್ಕೆಂದು ವರ್ಷಕ್ಕೆ ನನ್ನ ಕೈಗೆ ಬರುವುದು ಐನೂರು ರೂಪಾಯಿ. ಎಲ್ಲಿಂದ ಆರಂಭಿಸಲಿ?
– ಶಿಕ್ಷಕಿ, ಡೊಂಬಿವಲಿ

ಉತ್ತರ: ಮೇಡಂ, ಬೀರುವಿಗೆ ಸದ್ಯ ಬೀಗ ಇರಲಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹೊಸ ಗಾಜಿನ ಸಾಮಾನುಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯದಿಂದ ಒಂಬತ್ತು ವರ್ಷ ಯಾರೂ ಅವನ್ನು ಬಿಚ್ಚಲಿಲ್ಲ. ನಾನು ಬಿಚ್ಚಿದಾಗ ಒಳಗಿನ ಪ್ರನಾಳಕ್ಕಿಂತ ಮೇಲಿನ ಪತ್ರಿಕೆಯೇ ಹೆಚ್ಚು ಓದುವಂತಿತ್ತು. ಬೀರುವಿನಲ್ಲಿ ಏನಿದೆ ಎಂಬುದಕ್ಕಿಂತ ಮಕ್ಕಳ ಕೈಗೆ ಏನು ಬರುತ್ತದೆ ಎಂಬುದರಿಂದ ಆರಂಭಿಸುವುದು ಒಳ್ಳೆಯದು.

ನನ್ನ ಸಲಹೆ ಲೋಲಕ. ಒಂದು ಉಂಡೆ ಗಟ್ಟಿ ದಾರ, ಹಾರ್ಡ್‌ವೇರ್ ಅಂಗಡಿಯಿಂದ ಒಂಬತ್ತು ದೊಡ್ಡ ನಟ್ಟುಗಳು, ನೇತುಹಾಕಲು ಕಿಟಕಿಯ ಸರಳುಗಳು, ಒಂದು ಟೇಪು, ಗಳಿಗೆ ನೋಡಲು ಕೈಗಡಿಯಾರ ಅಥವಾ ನಿಮ್ಮ ಮೊಬೈಲು ಇದ್ದರೆ ಸಾಕು. ಮಕ್ಕಳನ್ನು ನಾಲ್ವರಂತೆ ಒಂಬತ್ತು ಗುಂಪು ಮಾಡಿರಿ. ಒಬ್ಬರು ನಟ್ಟನ್ನು ಬಿಡಲಿ, ಒಬ್ಬರು ಎಣಿಸಲಿ, ಒಬ್ಬರು ಗಡಿಯಾರ ನೋಡಲಿ, ಒಬ್ಬರು ಬರೆದುಕೊಳ್ಳಲಿ. ದಾರದ ಉದ್ದವನ್ನು ಮೇಲಿನ ಗಂಟಿನಿಂದ ನಟ್ಟಿನ ನಡುಮಧ್ಯದವರೆಗೆ ಅಳೆದು 100 ಸೆಂಟಿಮೀಟರಿಗೆ ನಿಲ್ಲಿಸಬೇಕು. ನಟ್ಟನ್ನು ನಾಲ್ಕು ಬೆರಳಿನ ಅಗಲಕ್ಕಿಂತ ಹೆಚ್ಚು ಎಳೆಯಬಾರದು, ಬಿಡುವಾಗ ತಳ್ಳಬಾರದು. ಇಪ್ಪತ್ತು ತೂಗಾಟಗಳಿಗೆ ಹಿಡಿದ ಸಮಯವನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದು ತೂಗಾಟದ ಅವಧಿ ಸಿಗುತ್ತದೆ. ಒಂದು ಮೀಟರಿನ ಲೋಲಕಕ್ಕೆ ಅದು ಎರಡು ಸೆಕೆಂಡಿಗೆ ಬಹಳ ಹತ್ತಿರ ಬರುತ್ತದೆ. ಉದ್ದವನ್ನು 4π² ಎಂಬ ಸಂಖ್ಯೆಯಿಂದ, ಅಂದರೆ ಸುಮಾರು 39.5ರಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷ, ಅಂದರೆ ಭೂಮಿಯ ಎಳೆತದ ಅಳತೆ, ದೊರೆಯುತ್ತದೆ. ಮುಂಬಯಿಯ ಅಕ್ಷಾಂಶದಲ್ಲಿ ಅದು ಸೆಕೆಂಡಿನ ವರ್ಗಕ್ಕೆ 9.79 ಮೀಟರ್. ಪಠ್ಯಪುಸ್ತಕ 9.8 ಎನ್ನುತ್ತದೆ, ಅದಕ್ಕೇನೂ ಅಡ್ಡಿಯಿಲ್ಲ.

ಮೊದಲ ದಿನವೇ ಒಂದೆರಡು ಗುಂಪುಗಳಿಗೆ 10.9ರ ಆಸುಪಾಸಿನ ಉತ್ತರ ಬರುತ್ತದೆ ಎಂದು ನಾನು ಪತ್ರ ಓದುತ್ತಿರುವಾಗಲೇ ಹೇಳಬಲ್ಲೆ. ನನ್ನ ತರಗತಿಯಲ್ಲಿ ಪ್ರತಿವರ್ಷವೂ ಬಂದಿದೆ. ಒಮ್ಮೆ ಒಬ್ಬ ಹುಡುಗ ಮೂರು ಸಲ ಮಾಡಿದರೂ 10.9 ಬಂದಾಗ, "ಸರ್, ನಮ್ಮ ಕಿಟಕಿಯ ಹತ್ತಿರ ಭೂಮಿ ಜೋರಾಗಿ ಎಳೆಯುತ್ತದೆ" ಎಂದ. ಅವನ ಗುಂಪಿನವರು ಎಣಿಸುವುದನ್ನು ಕೇಳಿಸಿಕೊಂಡೆ. ನಟ್ಟು ಕೈಬಿಟ್ಟ ಕ್ಷಣದಲ್ಲೇ "ಒಂದು" ಎನ್ನುತ್ತಿದ್ದರು. ಆಗ ಇಪ್ಪತ್ತೆಂದು ಎಣಿಸುವಾಗ ನಿಜವಾಗಿ ಆದದ್ದು ಹತ್ತೊಂಬತ್ತು ತೂಗಾಟ. ಒಂದು ಮೀಟರಿನ ಲೋಲಕಕ್ಕೆ ಸುಮಾರು 38 ಸೆಕೆಂಡು ಹಿಡಿಯುತ್ತದೆ, ಅದನ್ನು ಇಪ್ಪತ್ತರಿಂದ ಭಾಗಿಸಿದರೆ 1.9 ಬರುತ್ತದೆ, ವರ್ಗ ಮಾಡುವಾಗ ತಪ್ಪು ಇಮ್ಮಡಿಯಾಗುತ್ತದೆ. ನಾನು ತಪ್ಪನ್ನು ತೋರಿಸಿಕೊಡಲಿಲ್ಲ. ಪಕ್ಕದ ಗುಂಪು ಎಣಿಸುವುದನ್ನು ಕೇಳಿ ಬಾ ಎಂದಷ್ಟೇ ಹೇಳಿದೆ. ಆ ಗುಂಪಿನ ಹುಡುಗಿ "ಸೊನ್ನೆ" ಎಂದು ಬಿಡುತ್ತಿದ್ದಳು. ಅವನು ಹಿಂದಿರುಗಿ ಬಂದು ಏನೂ ಹೇಳದೆ ಲೆಕ್ಕವನ್ನು ಹೊಡೆದುಹಾಕಿ ಹೊಸದಾಗಿ ಬರೆದ. ಈ ಪಾಠವನ್ನು ಯಾವ ಗಾಜಿನ ಉಪಕರಣವೂ ಕೊಡಲಾರದು. ಆದ್ದರಿಂದ ದಯವಿಟ್ಟು ಮೊದಲೇ "ಸೊನ್ನೆಯಿಂದ ಎಣಿಸಿರಿ" ಎಂದು ಹೇಳಿಬಿಡಬೇಡಿ.

ಎರಡನೆಯ ದಿನ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿರಿ. ಉದ್ದ ಕಾಲುಭಾಗವಾದರೆ ಅವಧಿಯೂ ಕಾಲುಭಾಗ ಆಗುತ್ತದೆಂದು ಹೆಚ್ಚಿನ ಮಕ್ಕಳು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ಅದು ಅರ್ಧಕ್ಕೆ, ಅಂದರೆ ಒಂದು ಸೆಕೆಂಡಿಗೆ ಮಾತ್ರ ಇಳಿಯುತ್ತದೆ. ವರ್ಗಮೂಲ ಎಂಬುದು ಗಣಿತದ ತರಗತಿಯಿಂದ ಹೊರಗೆ ಬಂದು ಕಿಟಕಿಯ ಸರಳಿನಲ್ಲಿ ತೂಗಾಡುವುದನ್ನು ಅವರು ಅಂದು ನೋಡುತ್ತಾರೆ. ಮೂರನೆಯ ದಿನ ತೂಕ ಹೆಚ್ಚಿಸಿ ನೋಡುವಾಗ ಒಂದು ಎಚ್ಚರಿಕೆ ಬೇಕು. ಎರಡನೆಯ ನಟ್ಟನ್ನು ಮೊದಲನೆಯದರ ಕೆಳಗೆ ಕಟ್ಟಿದರೆ ಲೋಲಕದ ಉದ್ದವೇ ಬೆಳೆದುಬಿಡುತ್ತದೆ, ತೂಕದಿಂದಲೇ ಅವಧಿ ಬದಲಾಯಿತೆಂದು ಮಕ್ಕಳು ನಂಬುತ್ತಾರೆ. ಪಕ್ಕಪಕ್ಕದಲ್ಲಿ ಕಟ್ಟಿಸಿರಿ.

ನಿಮ್ಮ ಐನೂರು ರೂಪಾಯಿ ಇನ್ನೂ ಹೆಚ್ಚುಕಡಿಮೆ ಹಾಗೆಯೇ ಇದೆ. ಅದರಲ್ಲಿ ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ 10 ಮಿಲಿಲೀಟರಿನ ಹೊಸ ಸಿರಿಂಜುಗಳನ್ನು ಕೊಳ್ಳಿರಿ. ಬಳಸಿ ಎಸೆದದ್ದನ್ನು, ಎಷ್ಟೇ ತೊಳೆದರೂ, ಮಕ್ಕಳ ಕೈಗೆ ಕೊಡಬಾರದು. ಸಿರಿಂಜು ದ್ರವವನ್ನು ಅಳೆದು ಹನಿಸುವ ಬ್ಯೂರೆಟ್ಟಿನ ಕೆಲಸವನ್ನೂ ಅಳೆದು ಎತ್ತುವ ಪಿಪೆಟ್ಟಿನ ಕೆಲಸವನ್ನೂ ಮಾಡುತ್ತದೆ, ತಕ್ಕಡಿಗೆ ತೂಕದ ಕಲ್ಲೂ ಆಗುತ್ತದೆ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುವುದರಿಂದ, ಮರದ ಅಡಿಪಟ್ಟಿಗೆ ಎರಡು ಪ್ಲಾಸ್ಟಿಕ್ ಲೋಟ ಕಟ್ಟಿ ನಡುವೆ ದಾರದಿಂದ ತೂಗುಹಾಕಿದರೆ ನಿಮಗೊಂದು ತಕ್ಕಡಿ ದೊರೆಯಿತು. ಉಳಿದ ಹಣವನ್ನು ಎನಾಮಲ್ ಲೇಪಿಸಿದ ತಾಮ್ರದ ತಂತಿಗೂ ಟಾರ್ಚಿನ ಸೆಲ್ಲುಗಳಿಗೂ ಇಟ್ಟುಕೊಳ್ಳಿರಿ. ಅಯಸ್ಕಾಂತವನ್ನು ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಭಂಗಾರದ, ಅಂದರೆ ಗುಜರಿಯ, ಅಂಗಡಿಯಲ್ಲಿ ಹಾಳಾದ ಸ್ಪೀಕರುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ.

ಪ್ರಶ್ನೆ: ನನ್ನ ಮಗನೊಂದಿಗೆ ಸೇಫ್ಟಿ ಪಿನ್ನುಗಳ ಸಣ್ಣ ವಿದ್ಯುತ್ ಮೋಟಾರು ಮಾಡಿದೆ. ತಾಮ್ರದ ಸುರುಳಿ ಒಮ್ಮೆ ಝಾಡಿಸಿದಂತೆ ಅಲುಗಿ, ಅತ್ತಿತ್ತ ಓಲಾಡಿ ನಿಂತುಬಿಡುತ್ತದೆ. ಸೆಲ್ಲು ಹೊಸದು, ಅಯಸ್ಕಾಂತವೂ ಬಲವಾದದ್ದು. ತಂತಿಯ ಎರಡೂ ತುದಿಗಳನ್ನು ಚೆನ್ನಾಗಿ ಕೆರೆದು ಹೊಳೆಯುವಂತೆ ಮಾಡಿದ್ದೇವೆ. ತಪ್ಪೆಲ್ಲಿದೆ?
– ಪಾಲಕರು, ಪಿಂಪ್ರಿ, ಪುಣೆ

ಉತ್ತರ: ತಪ್ಪು ಇರುವುದೇ ಆ ಹೊಳಪಿನಲ್ಲಿ. ನಿಮ್ಮ ಊರಿನಲ್ಲೇ ಇದ್ದು ಈ ಬಗೆಯ ಆಟಿಕೆಗಳನ್ನು ದೇಶಕ್ಕೆಲ್ಲ ಪರಿಚಯಿಸಿದವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಪುಣೆಯ ಟ್ರಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಆಮೇಲೆ ಕಸದಿಂದ ಕಲಿಕೆಯ ಸಾಮಾನು ಮಾಡುವುದನ್ನೇ ಬದುಕಾಗಿಸಿಕೊಂಡರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾ ಎಂಬ ಖಗೋಳ ಸಂಶೋಧನಾ ಕೇಂದ್ರದ 'ಮುಕ್ತಾಂಗಣ ವಿಜ್ಞಾನ ಶೋಧಿಕಾ'ದಲ್ಲಿ ಅವರು ಅನೇಕ ವರ್ಷ ದುಡಿದರು. ಸೆಲ್ಲಿನ ಎರಡು ತುದಿಗಳಿಗೆ ಸೇಫ್ಟಿ ಪಿನ್ನು ನಿಲ್ಲಿಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ಪಿನ್ನಿನ ಕಣ್ಣುಗಳಲ್ಲಿ ಸುರುಳಿಯನ್ನು ಕೂರಿಸುವ ಮೋಟಾರನ್ನು ಮನೆಮಾತಾಗಿಸಿದವರಲ್ಲಿ ಅವರು ಮುಖ್ಯರು.

ಈಗ ನಿಮ್ಮ ಸುರುಳಿ. ಎರಡೂ ತುದಿಗಳು ಪೂರ್ತಿ ಬರಿದಾಗಿದ್ದರೆ ವಿದ್ಯುತ್ತು ಎಡೆಬಿಡದೆ ಹರಿಯುತ್ತದೆ. ಅಯಸ್ಕಾಂತದ ಬಲವು ಮೊದಲ ಅರ್ಧ ಸುತ್ತಿನಲ್ಲಿ ಸುರುಳಿಯನ್ನು ಮುಂದಕ್ಕೆ ತಿರುಗಿಸಿದರೆ, ಉಳಿದ ಅರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ನೀವು ಕಂಡ ಓಲಾಟ ಅದೇ. ಹಿಂದಕ್ಕೆ ಎಳೆಯುವ ಅರ್ಧ ಸುತ್ತಿನಲ್ಲಿ ವಿದ್ಯುತ್ತನ್ನು ಕಡಿದುಹಾಕಿದರೆ ಸುರುಳಿಯು ತನ್ನ ವೇಗದಿಂದಲೇ ಆ ಭಾಗವನ್ನು ದಾಟಿ ಹೋಗುತ್ತದೆ. ಹಾಗೆ ಕಡಿಯಲು ಬೇಕಾದದ್ದು ತಂತಿಯ ಮೇಲಿನ ಎನಾಮಲ್ ಲೇಪವೇ. ಒಂದು ತುದಿಯನ್ನು ಸುತ್ತಲೂ ಕೆರೆಯಿರಿ. ಇನ್ನೊಂದು ತುದಿಯಲ್ಲಿ ತಂತಿಯ ಒಂದು ಪಾರ್ಶ್ವವನ್ನು ಮಾತ್ರ ಕೆರೆದು, ಮತ್ತೊಂದು ಪಾರ್ಶ್ವದ ಲೇಪವನ್ನು ಹಾಗೆಯೇ ಬಿಡಿರಿ.

ಯಾವ ಪಾರ್ಶ್ವ ಎಂಬಲ್ಲಿ ಮತ್ತೆ ಬಹಳ ಜನ ಎಡವುತ್ತಾರೆ. ಸುರುಳಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಮೇಲ್ಭಾಗವನ್ನು ಕೆರೆಯುವುದು ಕೈಗೆ ಸುಲಭ, ಮೋಟಾರಿಗೆ ನಿಷ್ಪ್ರಯೋಜಕ. ಹಾಗೆ ಕೆರೆದರೆ ಮುಂದಕ್ಕೆ ತಳ್ಳುವ ಕಾಲದ ಅರ್ಧವೂ ಹಿಂದಕ್ಕೆ ಎಳೆಯುವ ಕಾಲದ ಅರ್ಧವೂ ವಿದ್ಯುತ್ತಿಗೆ ಸಿಕ್ಕಿ, ಒಂದು ಇನ್ನೊಂದನ್ನು ಅಳಿಸಿಬಿಡುತ್ತವೆ. ಸುರುಳಿಯನ್ನು ನಾಣ್ಯ ನಿಲ್ಲಿಸಿದಂತೆ ನೆಟ್ಟಗೆ ಹಿಡಿದು, ತಂತಿಯ ತುದಿಯನ್ನು ಮೇಜಿನ ಅಂಚಿನ ಮೇಲಿಟ್ಟು, ಮೇಲಿನ ಅರ್ಧವನ್ನು ಬ್ಲೇಡಿನಿಂದ ಕೆರೆಯಬೇಕು. ಅಯಸ್ಕಾಂತ ಸುರುಳಿಯ ಕೆಳಗೆ, ಮುಖ ಮೇಲಾಗಿ ಇರುವ ರಚನೆಗೆ ಈ ಮಾತು. ನಿಮ್ಮ ಈಗಿನ ಸುರುಳಿಯನ್ನು ಎಸೆಯಬೇಕಾಗಿಲ್ಲ. ಕೆರೆದ ಒಂದು ತುದಿಯ ಅರ್ಧಕ್ಕೆ ಮನೆಯಲ್ಲಿರುವ ಉಗುರುಬಣ್ಣ ಹಚ್ಚಿ ಒಣಗಿಸಿರಿ, ಲೇಪ ಮರಳಿ ಬಂದಂತೆಯೇ.

ಇನ್ನೊಂದು ಮಾತು. ಟಾರ್ಚ್ ಸೆಲ್ಲಿನ ಮೇಲೆ ಹತ್ತು ಸುತ್ತು ಸುತ್ತಿದ ತಂತಿಯ ಉದ್ದ ಒಂದು ಮೀಟರಿನಷ್ಟಿರುತ್ತದೆ, ಅದರ ರೋಧ ತೀರ ಕಡಿಮೆ. ಸುರುಳಿ ನಿಂತಾಗ ಅದನ್ನು ಪಿನ್ನುಗಳಲ್ಲಿ ಹಾಗೇ ಬಿಟ್ಟರೆ ತಂತಿಯೂ ಸೆಲ್ಲೂ ಕಾದುಹೋಗುತ್ತವೆ. ಮೊಬೈಲಿನ ಹಳೆಯ ಬ್ಯಾಟರಿಯನ್ನು ಸೆಲ್ಲಿನ ಬದಲು ಬಳಸುವ ಯೋಚನೆ ಮಗನಿಗೆ ಬಂದೇ ಬರುತ್ತದೆ, ಬೇಡವೆನ್ನಿರಿ. ಅದು ಉಬ್ಬಿ ಬೆಂಕಿ ಹಿಡಿಯಬಲ್ಲದು. ತಂತಿ ಮುಗಿದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋಗಿರಿ, ಮಗನನ್ನೂ ಕರೆದುಕೊಂಡು ಹೋಗಿರಿ.

ಪ್ರಶ್ನೆ: ವಾಸ್ಕೋದಲ್ಲಿ ಕೂಲಿ ಕೆಲಸಕ್ಕೆ ಬಂದ ನಮ್ಮ ಬಿಜಾಪುರ, ಬಾಗಲಕೋಟೆ ಕಡೆಯ ಮನೆಗಳ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಆಮ್ಲ–ಪ್ರತ್ಯಾಮ್ಲದ ಪಾಠಕ್ಕೆ ಲಿಟ್ಮಸ್ ಇರಲಿಲ್ಲ. ಗೋವಾದಲ್ಲಿ ಕೋಕಂಗೆ ಬರವಿಲ್ಲವೆಂದು ಅದರ ರಸಕ್ಕೆ ಅಡುಗೆ ಸೋಡ ಹಾಕಿದೆ. ಬುಸ್ಸೆಂದು ನೊರೆ ಬಂತೇ ಹೊರತು ಬಣ್ಣ ಬದಲಾಗಲಿಲ್ಲ. ಮಕ್ಕಳು ನಕ್ಕರು. ಕೋಕಂ ಸೂಚಕವಲ್ಲವೇ, ಸರ್?
– ಸಂಜೆ ತರಗತಿಯ ಶಿಕ್ಷಕ, ವಾಸ್ಕೋ

ಉತ್ತರ: ಕೋಕಂ ಒಳ್ಳೆಯ ಸೂಚಕವೇ. ಕರಾವಳಿಯ ನಮ್ಮವರು ಪುನರ್ಪುಳಿ ಎಂದೂ, ಉತ್ತರ ಕನ್ನಡದವರು ಮುರುಗಲು ಎಂದೂ ಕರೆಯುವ ಈ ಹಣ್ಣಿನ ಕೆಂಪು, ದಾಸವಾಳ ಮತ್ತು ನೇರಳೆ ಹಣ್ಣಿನ ಬಣ್ಣಗಳಂತೆ, ಆಂಥೋಸಯನಿನ್ ಎಂಬ ವರ್ಗಕ್ಕೆ ಸೇರಿದ್ದು. ಈ ಬಣ್ಣಗಳು ಆಮ್ಲದಲ್ಲಿ ಕೆಂಪಾಗಿದ್ದು ಪ್ರತ್ಯಾಮ್ಲದಲ್ಲಿ ನೀಲಿ, ಹಸಿರುಗಳ ಕಡೆಗೆ ತಿರುಗುತ್ತವೆ. ಆದರೆ ಕೋಕಂ ಸ್ವತಃ ಹುಳಿ. ನೀವು ಹಾಕಿದ ಸೋಡವನ್ನೆಲ್ಲ ಆ ಹುಳಿಯೇ ನುಂಗಿ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿತು. ಬುಸ್ಸೆಂದದ್ದು ಅದೇ. ಲೋಟದಲ್ಲಿ ಆಮ್ಲ ಮುಗಿಯುವವರೆಗೆ ಬಣ್ಣಕ್ಕೆ ಬದಲಾಗಲು ಕಾರಣವೇ ಇಲ್ಲ. ಮಕ್ಕಳು ನಕ್ಕ ದಿನ ನಿಮ್ಮ ತರಗತಿಯಲ್ಲಿ ತಟಸ್ಥೀಕರಣ ಕಣ್ಣೆದುರಿಗೇ ನಡೆದಿತ್ತು, ಅದನ್ನು ಹೆಸರಿಟ್ಟು ಕರೆಯುವುದೊಂದು ಉಳಿದಿತ್ತು.

ಹೀಗೆ ಮಾಡಿ ನೋಡಿರಿ. ಒಣಗಿದ ಕೋಕಂ ಸಿಪ್ಪೆಯ ಒಂದೇ ತುಂಡನ್ನು ಲೋಟದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೆಗೆಯಿರಿ. ನೀರು ತೆಳು ಗುಲಾಬಿಯಾಗಿರಬೇಕು. ಉಪ್ಪು ಬೆರೆಸಿದ ಕೋಕಂ ರಸವಾದ 'ಆಗಳ' ಬೇಡ, ಅದು ತೀರ ಗಟ್ಟಿ. ಅಡುಗೆ ಸೋಡ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅದರ ಬದಲು ಬಟ್ಟೆ ಒಗೆಯುವ ವಾಷಿಂಗ್ ಸೋಡವನ್ನು ಒಂದು ಲೋಟ ನೀರಿಗೆ ಒಂದು ಚಮಚದಂತೆ ಕರಗಿಸಿ, ಸಿರಿಂಜಿನಿಂದ ಹನಿಹನಿಯಾಗಿ ಹಾಕುತ್ತ ಎಣಿಸಿರಿ. ಯಾವುದೋ ಒಂದು ಹನಿಗೆ ಗುಲಾಬಿ ಮಾಸಿ ಹಸಿರು ಬೆರೆತ ಮಬ್ಬು ಬಣ್ಣ ಬರುತ್ತದೆ. ಆಗ ನಿಂಬೆರಸದ ಎರಡು ಹನಿ ಹಾಕಿದರೆ ಕೆಂಪು ಮರಳುತ್ತದೆ. ತಡ ಮಾಡಬಾರದು, ಪ್ರತ್ಯಾಮ್ಲದಲ್ಲಿ ಬಹಳ ಹೊತ್ತು ಬಿಟ್ಟರೆ ಈ ಬಣ್ಣವೇ ಕೆಡುತ್ತದೆ. ಹನಿ ಎಣಿಸುವ ಅಭ್ಯಾಸ ಹಿಡಿದ ಮೇಲೆ ಒಂದೊಂದು ಮಿಲಿಲೀಟರ್ ನಿಂಬೆರಸ, ಹುಣಸೆ ನೀರು, ಮಜ್ಜಿಗೆಯ ತಿಳಿಗಳನ್ನು ಬೇರೆಬೇರೆ ಲೋಟಗಳಲ್ಲಿ ತೆಗೆದುಕೊಂಡು, ಪ್ರತಿಯೊಂದನ್ನೂ ತಣಿಸಲು ಎಷ್ಟು ಹನಿ ಸೋಡದ ನೀರು ಬೇಕಾಯಿತೆಂದು ಹೋಲಿಸಿರಿ. ಟೈಟ್ರೇಶನ್ ಎಂದರೆ ಇಷ್ಟೇ. ಬ್ಯೂರೆಟ್ಟಿನಿಂದ ಅದು ಹೆಚ್ಚು ನಿಖರವಾಗುತ್ತದೆ, ಹೆಚ್ಚು ವಿಜ್ಞಾನವಾಗುವುದಿಲ್ಲ.

ಅರಿಸಿನವನ್ನು ಮರೆಯಬೇಡಿ. ಮದುವೆಯ ಆರತಿ ತಟ್ಟೆಯ ಓಕುಳಿ ನೀರು ನಿಮ್ಮ ಮಕ್ಕಳೆಲ್ಲ ನೋಡಿದ್ದೇ. ಹಳದಿ ಅರಿಸಿನಕ್ಕೆ ಬಿಳಿ ಸುಣ್ಣ ಬೆರೆತರೆ ಕೆಂಪು ಏಕೆ ಬರಬೇಕು ಎಂದು ಯಾರೂ ಅವರನ್ನು ಕೇಳಿರುವುದಿಲ್ಲ, ಅಷ್ಟೇ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳು ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತವೆ. ಆಮ್ಲವೂ ನೀರೂ ಎರಡೂ ಅದಕ್ಕೆ ಹಳದಿಯೇ. ಈ ಮಿತಿಯನ್ನು ಮಕ್ಕಳೇ ಕಂಡುಹಿಡಿಯಲು ಬಿಡಿರಿ.

ಪ್ರಶ್ನೆ: ಪಾನ್ ಅಂಗಡಿಯ ಸುಣ್ಣದಿಂದ ತಿಳಿ ಸುಣ್ಣದ ನೀರು ಮಾಡಲು ಹೋದರೆ ಎಷ್ಟು ಸುಣ್ಣ ಹಾಕಿದರೂ ಹಾಲಿನಂತೆಯೇ ಉಳಿಯುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡು ತಿಳಿ ಸುಣ್ಣದ ನೀರನ್ನು ಬೆಳ್ಳಗೆ ಮಾಡುವುದನ್ನು ತೋರಿಸಬೇಕಿತ್ತು. ಉಸಿರು ಊದುವ ಮೊದಲೇ ಬೆಳ್ಳಗಿದ್ದರೆ ಏನು ತೋರಿಸಲಿ?
– ಶಿಕ್ಷಕ, ಭಾಂಡುಪ್

ಉತ್ತರ: ಹೆಚ್ಚು ಹಾಕುವುದೇ ತೊಂದರೆ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಮಿಗೂ ಕಡಿಮೆ, ಉಳಿದದ್ದೆಲ್ಲ ತೇಲಾಡುತ್ತದೆ. ಕಡಲೆಕಾಳಿನಷ್ಟು ಸುಣ್ಣವನ್ನು ಬಾಟಲಿ ನೀರಿಗೆ ಹಾಕಿ, ಮುಚ್ಚಳ ಬಿಗಿದು, ಕುಲುಕಿ, ರಾತ್ರಿಯಿಡೀ ಅಲುಗಿಸದೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿರಿ. ಮುಚ್ಚಳ ಸಡಿಲವಿದ್ದರೆ ಕೋಣೆಯ ಗಾಳಿಯೇ ಅದನ್ನು ಬೆಳ್ಳಗೆ ಮಾಡಿಬಿಡುತ್ತದೆ. ಕೊಳವೆಯಿಂದ ಊದಬೇಕು, ಹೀರಬಾರದು. ಬೆಳ್ಳಗಾದ ಮೇಲೂ ಊದುತ್ತಲೇ ಇರಲು ಒಬ್ಬ ಹಟಮಾರಿಯನ್ನು ನೇಮಿಸಿರಿ, ಐದಾರು ನಿಮಿಷಗಳಲ್ಲಿ ನೀರು ಮತ್ತೆ ತಿಳಿಯಾಗಲು ತೊಡಗುತ್ತದೆ. ಕರಗದ ಕಾರ್ಬೊನೇಟು ಕರಗುವ ಬೈಕಾರ್ಬೊನೇಟಾಗಿ ಬದಲಾಗುವುದು ಅದಕ್ಕೆ ಕಾರಣ. ಸುಣ್ಣಕಲ್ಲಿನ ಗುಹೆಗಳನ್ನು ಕೊರೆದದ್ದೂ ಇದೇ ಕ್ರಿಯೆ. ಸುಟ್ಟ ಸುಣ್ಣದ ಕಲ್ಲನ್ನು ಮಾತ್ರ ತರಗತಿಗೆ ತರಬೇಡಿ, ನೀರು ಬಿದ್ದರೆ ಅದು ಕುದಿಯುತ್ತದೆ ಮತ್ತು ಕಣ್ಣಿಗೆ ಹಾರಿದರೆ ಅನಾಹುತ.

ಪ್ರಶ್ನೆ: ಒಂಬತ್ತು ವೋಲ್ಟಿನ ಬ್ಯಾಟರಿ, ಪೆನ್ಸಿಲಿನ ಕಡ್ಡಿ, ಉಪ್ಪುನೀರು ಬಳಸಿ ನೀರಿನ ವಿದ್ಯುದ್ವಿಭಜನೆ, ಅಂದರೆ ವಿದ್ಯುತ್ತಿನಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯುವುದನ್ನು, ತೋರಿಸಿದೆ. ಘಾಟು ವಾಸನೆ ಬಂದು ಇಬ್ಬರು ಮಕ್ಕಳು ಕೆಮ್ಮಿದರು. ಎರಡು ಅನಿಲಗಳ ಪ್ರಮಾಣವೂ ಎರಡಕ್ಕೆ ಒಂದು ಬರಲಿಲ್ಲ.
– ಶಿಕ್ಷಕಿ, ಉಲ್ಲಾಸನಗರ

ಉತ್ತರ: ಉಪ್ಪುನೀರಿನಲ್ಲಿ ಧನಾಗ್ರದಲ್ಲಿ ಹೊರಬರುವುದು ಕ್ಲೋರಿನ್. ಕೆಮ್ಮು ಬಂದದ್ದು ಅದರಿಂದ. ಉಪ್ಪಿನ ಬದಲು ವಾಷಿಂಗ್ ಸೋಡ ಹಾಕಿರಿ, ಕಿಟಕಿ ತೆರೆದಿರಲಿ. ಪೆನ್ಸಿಲ್ ಕಡ್ಡಿ ಇಂಗಾಲವಾದ್ದರಿಂದ ಧನಾಗ್ರದ ಆಮ್ಲಜನಕದ ಒಂದಿಷ್ಟು ಭಾಗ ಅದರೊಡನೆಯೇ ಸೇರಿಹೋಗುತ್ತದೆ, ಒಂದಿಷ್ಟು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಜಲಜನಕ ಎರಡರಷ್ಟಕ್ಕಿಂತ ಹೆಚ್ಚಾಗಿಯೇ ಕಾಣುವುದು ಸಹಜ. ಬಂದ ಅಂಕಿಯನ್ನೇ ಬರೆಸಿರಿ. ಎರಡಕ್ಕೆ ಒಂದು ಎಂದು ತಿದ್ದಿಸಿದರೆ ಮಕ್ಕಳು ಕಲಿಯುವುದು ಬೇರೆಯೇ ವಿದ್ಯೆ. ಗೋಡೆಯ ಪ್ಲಗ್ಗಿನಿಂದ ತಂತಿ ಎಳೆಯುವ ಸಾಹಸ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ: ಸ್ಥಾಯಿ ವಿದ್ಯುತ್ತಿನ ಪ್ರಯೋಗಗಳು ನಮ್ಮಲ್ಲಿ ಒಂದೂ ಆಗುವುದಿಲ್ಲ. ಬಾಚಣಿಗೆಯನ್ನು ತಲೆಗೆ ಎಷ್ಟು ಉಜ್ಜಿದರೂ ಕಾಗದದ ಚೂರು ಏಳುವುದಿಲ್ಲ. ಜುಲೈ ತಿಂಗಳಲ್ಲಿ ಈ ಪಾಠ ಮಾಡಿದೆ.
– ಶಿಕ್ಷಕಿ, ಥಾಣೆ

ಉತ್ತರ: ಉತ್ತರ ನಿಮ್ಮ ಕೊನೆಯ ವಾಕ್ಯದಲ್ಲಿದೆ, ಮೇಡಂ. ಜುಲೈಯಲ್ಲಿ ನಮ್ಮ ಗಾಳಿಯ ಆರ್ದ್ರತೆ ಶೇಕಡಾ 80ನ್ನು ದಾಟಿರುತ್ತದೆ. ಬಾಚಣಿಗೆಯ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕುಳಿತು, ಹುಟ್ಟಿದ ವಿದ್ಯುದಂಶವನ್ನೆಲ್ಲ ಹರಿಸಿಬಿಡುತ್ತದೆ. ಪಾಠ ಪುಸ್ತಕದಲ್ಲಿ ಎಲ್ಲೇ ಇರಲಿ, ಈ ಪ್ರಯೋಗಗಳನ್ನು ಡಿಸೆಂಬರ್, ಜನವರಿಯ ಮಧ್ಯಾಹ್ನಕ್ಕೆ ಎತ್ತಿಡಿರಿ. ಜುಲೈಗೆ ಮಳೆಮಾಪಕ ಮಾಡಿಸಿರಿ. ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ ಬೋರಲು ಹಾಕಿದರೆ ಆಲಿಕೆಯಾಗುತ್ತದೆ. ತಳ ಡೊಂಕಾಗಿರುವುದರಿಂದ ಬೆಣಚುಕಲ್ಲು ಹಾಕಿ, ಬಾಟಲಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅಷ್ಟನ್ನು ಹಿಡಿಯಲು ನಿಮ್ಮ ಬಾಟಲಿ ಎಷ್ಟು ಎತ್ತರವಿರಬೇಕಿತ್ತು ಎಂದು ಮಕ್ಕಳು ಗೋಡೆಯ ಮೇಲೆ ಗೆರೆ ಎಳೆದು ನೋಡಲಿ. ಆ ದಿನ ಮನೆಗೆ ನಡೆದು ಬಂದ ತಂದೆತಾಯಿಗಳು ಉಳಿದ ಪಾಠವನ್ನು ಹೇಳುತ್ತಾರೆ.

ಪ್ರಶ್ನೆ: ನಮ್ಮ ಮುಖ್ಯೋಪಾಧ್ಯಾಯರು "ಇದೆಲ್ಲ ಆಟಿಕೆ, ಪರೀಕ್ಷೆಗೆ ಬರುವುದಿಲ್ಲ, ಪಾಠ ಮುಗಿಸಿ" ಎನ್ನುತ್ತಾರೆ. ಅವರಿಗೆ ಏನು ಹೇಳಲಿ?
– ಶಿಕ್ಷಕ, ಮುಂಬಯಿ ಉಪನಗರ

ಉತ್ತರ: ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಫಳಕ್ಕನೆ ಹೊಗೆ ಬರಿಸಿ, ಮಕ್ಕಳು ಚಪ್ಪಾಳೆ ತಟ್ಟಿ, ಯಾವುದನ್ನೂ ಅಳೆಯದೆ, ಯಾವ ಪ್ರಶ್ನೆಯನ್ನೂ ಕೇಳದೆ ಮುಗಿಯುವ ಪ್ರಯೋಗವನ್ನು ನಾನೂ ಆಟಿಕೆ ಎಂದೇ ಕರೆಯುತ್ತೇನೆ. ವಿಜ್ಞಾನ ದಿನದಂದು ಜ್ವಾಲಾಮುಖಿ ಮಾಡಿಸುವುದರಲ್ಲಿ ನನಗೆ ಎಂದೂ ರುಚಿ ಹುಟ್ಟಲಿಲ್ಲ. ಉಳಿದರ್ಧಕ್ಕೆ ಉತ್ತರವಿದೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನದ ನೂರು ಅಂಕಗಳಲ್ಲಿ 20 ಪ್ರಾಯೋಗಿಕಕ್ಕೇ ಇವೆ. ಅವನ್ನು ಪ್ರಯೋಗ ಮಾಡಿಸದೆಯೇ ಹಂಚುವ ರೂಢಿ ಎಷ್ಟು ಶಾಲೆಗಳಲ್ಲಿದೆಯೆಂದು ನಮಗೆಲ್ಲ ಗೊತ್ತು.

ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯ ಸಂಗತಿಯನ್ನು ಅವರಿಗೆ ಹೇಳಬಹುದು. 1972ರಲ್ಲಿ ಅಲ್ಲಿನ 16 ಹಳ್ಳಿಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿತ್ತು. ಮಕ್ಕಳು ಅಗ್ಗದ ಕಿಟ್ಟಿನಿಂದ ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ಅದರಿಂದ ತೀರ್ಮಾನಕ್ಕೆ ಬರಬೇಕಿತ್ತು. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಹೋಗಿ ಶಿಕ್ಷಕರೊಡನೆ ಕುಳಿತು ತರಬೇತಿ ನೀಡಿದರು. ಕಾರ್ಯಕ್ರಮ ನಡೆಸಿದವರು ಪರೀಕ್ಷೆಯನ್ನೂ ಬದಲಾಯಿಸಿದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ, ಜೊತೆಗೆ ಕೈಯಾರೆ ಮಾಡಿ ತೋರಿಸುವ ಪರೀಕ್ಷೆ. ಪರೀಕ್ಷೆ ಬದಲಾಗದೆ ತರಗತಿ ಬದಲಾಗದೆಂದು ಅವರು ಆಗಲೇ ಅರಿತಿದ್ದರು. 2002ರಲ್ಲಿ ರಾಜ್ಯ ಸರಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು, ಮೂವತ್ತು ವರ್ಷ ನಡೆದ ಮೇಲೆ. ನಿಮ್ಮ ಕೈಯಲ್ಲಿ ರಾಜ್ಯದ ಪರೀಕ್ಷೆ ಇಲ್ಲ, ಘಟಕ ಪರೀಕ್ಷೆ ಇದೆ. ಅದರಲ್ಲಿ ಒಂದು ಪ್ರಶ್ನೆಯನ್ನು, "ನಿಮ್ಮ ಗುಂಪಿಗೆ 10.9 ಬಂತು, ಎಲ್ಲಿ ತಪ್ಪಿರಬಹುದು?" ಎಂಬ ಬಗೆಯದನ್ನು, ಇಟ್ಟು ನೋಡಿರಿ. ಮುಖ್ಯೋಪಾಧ್ಯಾಯರನ್ನು ಒಮ್ಮೆ ಮಾನಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರಕ್ಕೆ ಕರೆದುಕೊಂಡು ಹೋದರೂ ಒಳ್ಳೆಯದೇ. ಮೇಲಾಧಿಕಾರಿಗಳು ಕಿರಿಯರ ಮಾತಿಗಿಂತ ಕಟ್ಟಡಗಳನ್ನು ಬೇಗ ನಂಬುತ್ತಾರೆ.

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ಜನವರಿ ಎರಡನೆಯ ವಾರದಲ್ಲಿ ನಮ್ಮ ಚಾಳಿನ ಗಚ್ಚಿಯ ಮೇಲೆ ಕೋಲು ನೆಟ್ಟು ನೆರಳು ಅಳೆದೆ. ನಡುಹಗಲಿನಲ್ಲಿ ನೆರಳು ಅತಿ ಚಿಕ್ಕದಾಗಬೇಕು ಎಂದು ಓದಿದ್ದೆ. ಆದರೆ 12 ಗಂಟೆಗೆ ಅಲ್ಲ, ಸುಮಾರು ಮುಕ್ಕಾಲು ಗಂಟೆ ತಡವಾಗಿ ಹಾಗಾಯಿತು. ನನ್ನ ಗಡಿಯಾರ ಸರಿಯಿದೆ ಸರ್.
– ವಿದ್ಯಾರ್ಥಿ, ಕಾಂದಿವಲಿ

ಉತ್ತರ: ಮಗು, ನಿನ್ನ ಗಡಿಯಾರವೂ ಸರಿ, ನಿನ್ನ ಕೋಲೂ ಸರಿ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ಇಟ್ಟಿದ್ದಾರೆ. ಮುಂಬಯಿ ಸುಮಾರು 72.8 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಆದ್ದರಿಂದ ನಮ್ಮ ನೆತ್ತಿಗೆ ಸೂರ್ಯ ಬರುವುದು 39 ನಿಮಿಷ ತಡ. ಹಿಂದೆ ಈ ಊರು ಆ 39 ನಿಮಿಷಗಳನ್ನು ಬಿಟ್ಟುಕೊಡದೆ "ಬಾಂಬೆ ಟೈಮ್" ಎಂಬ ತನ್ನದೇ ಸಮಯ ಇಟ್ಟುಕೊಂಡಿತ್ತು. ದೇಶದ ಸಮಯ 1906ರಲ್ಲಿ ಜಾರಿಗೆ ಬಂದರೂ ಇಲ್ಲಿ ಬಾಂಬೆ ಟೈಮ್ 1955ರವರೆಗೆ ಉಳಿದಿತ್ತು. ನಿನ್ನ ಅಜ್ಜನ ಕಾಲದವರನ್ನು ಕೇಳು. ಉಳಿದ ಏಳೆಂಟು ನಿಮಿಷಗಳು ಜನವರಿಯವು. ಭೂಮಿಯ ಪಥ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಇದರಿಂದ ಸೂರ್ಯನ ನಡುಹಗಲು ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ. ಮುಂಬಯಿಯಲ್ಲಿ ಅದು ಫೆಬ್ರವರಿ ನಡುವೆ 12 ಗಂಟೆ 53 ನಿಮಿಷದ ಹತ್ತಿರಕ್ಕೂ, ನವೆಂಬರ್ ಆರಂಭದಲ್ಲಿ 12 ಗಂಟೆ 22 ನಿಮಿಷದ ಹತ್ತಿರಕ್ಕೂ ಬರುತ್ತದೆ.

ಅತಿ ಚಿಕ್ಕ ನೆರಳಿನ ಕ್ಷಣವನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ, ಆ ಹೊತ್ತಿನಲ್ಲಿ ನೆರಳು ಅಲುಗಿದ್ದೇ ತಿಳಿಯುವುದಿಲ್ಲ. ನಮ್ಮ ಹಳೆಯ ಜ್ಯೋತಿಷಿಗಳು 12 ಅಂಗುಲದ ಶಂಕು ನೆಟ್ಟು ಸುತ್ತಲೂ ವೃತ್ತ ಎಳೆಯುತ್ತಿದ್ದರು. ನೀನೂ ಹಾಗೆ ಮಾಡು. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಹೋದ ಸಮಯವನ್ನೂ, ಮಧ್ಯಾಹ್ನ ಮತ್ತೆ ಮುಟ್ಟಿ ಹೊರಗೆ ಬಂದ ಸಮಯವನ್ನೂ ಬರೆದುಕೋ. ಎರಡರ ನಡುವಣ ಸಮಯವೇ ನಡುಹಗಲು. ಮಾರ್ಚ್ 21ರ ಸುಮಾರಿಗೆ ಒಂದು ಮೀಟರಿನ ಕೋಲನ್ನು ನೆಟ್ಟು ನಡುಹಗಲಿನ ನೆರಳನ್ನು ಅಳೆ, 34 ಸೆಂಟಿಮೀಟರಿನ ಆಸುಪಾಸು ಬರಬೇಕು. ಅದರಿಂದ ಕೋನವನ್ನು ಲೆಕ್ಕ ಹಾಕಿದರೆ ಸಿಗುವ 19 ಡಿಗ್ರಿ ನಿನ್ನ ಗಚ್ಚಿಯ ಅಕ್ಷಾಂಶ. ಕೋಲು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಒಂದು ನಟ್ಟು ಕಟ್ಟಿ ಪಕ್ಕದಲ್ಲಿ ತೂಗುಹಾಕು. ಮೇ ನಡುವಿನಲ್ಲಿ ಒಂದು ದಿನ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ರಜೆಗೆ ಊರಿಗೆ ಹೋಗುವವನಾದರೆ ಕೋಲನ್ನು ಅಲ್ಲಿಗೂ ಒಯ್ಯಿ, ಮಂಗಳೂರಿನ ಕಡೆಯಾದರೆ ಆ ದಿನ ಏಪ್ರಿಲ್ ಕೊನೆಯ ವಾರದಲ್ಲೇ ಬಂದು ಹೋಗಿರುತ್ತದೆ. ಬರುವಾಗ ಅಳತೆಗಳನ್ನು ಬರೆದು ತಾ, ಮುಂದಿನ ಸಂಚಿಕೆಗೆ ಬೇಕು.